ನಾಲ್ಕು ರೂಪಾಯಿ ಭಾರವಲ್ಲ ಎನ್ನುವವರಿಗೆ

ಹಾಲಿನ ದರ ಏರಿದಾಗಲೆಲ್ಲ ನಮ್ಮ ರಾಜ್ಯದಲ್ಲಿ ಒಂದೇ ಬಗೆಯ ವಾದ ನಡೆಯುತ್ತದೆ. ವಿರೋಧ ಪಕ್ಷದವರು ಒಂದು ದಿನ ಪ್ರತಿಭಟಿಸುತ್ತಾರೆ. ಹೋಟೆಲಿನವರು ಕಾಫಿ, ಟೀ ಬೆಲೆ ಏರಿಸುವ ಮಾತಾಡುತ್ತಾರೆ. ಸರ್ಕಾರದಿಂದ ಬರುವ ಉತ್ತರ ಮೂರು: ಏರಿಸಿದ ಹಣವೆಲ್ಲ ರೈತರಿಗೇ ಹೋಗುತ್ತದೆ, ಬೇರೆ ರಾಜ್ಯಗಳಿಗಿಂತ ನಮ್ಮ ಹಾಲೇ ಅಗ್ಗ, ಬಡ ಮಕ್ಕಳಿಗೆ ಶಾಲೆ, ಅಂಗನವಾಡಿಗಳಲ್ಲಿ ಹಾಲು ಉಚಿತವಾಗಿಯೇ ಸಿಗುತ್ತಿದೆ. ಓದಿದವರು, ಸಂಬಳದವರು, ಪತ್ರಿಕೆಗಳಲ್ಲಿ ಬರೆಯುವವರು ಇದಕ್ಕೆ ತಲೆದೂಗುತ್ತಾರೆ. ನಾಲ್ಕು ರೂಪಾಯಿ ಯಾರಿಗೆ ತಾನೇ ಭಾರ, ರೈತ ಬದುಕಬೇಡವೇ ಎಂದು ಕೇಳುತ್ತಾರೆ. ವಾರ ಕಳೆಯುವಷ್ಟರಲ್ಲಿ ಎಲ್ಲರೂ ಹೊಸ ದರಕ್ಕೆ ಒಗ್ಗಿಕೊಂಡಿರುತ್ತಾರೆ.

ಈ ವಾದಕ್ಕೆ ಸಭ್ಯತೆಯ ಮೆರುಗಿದೆ. ರೈತನ ಪರವಾಗಿ ನಿಂತಿರುವುದರಿಂದ ಇದನ್ನು ಪ್ರಶ್ನಿಸುವವರು ರೈತವಿರೋಧಿಗಳಂತೆ ಕಾಣುತ್ತಾರೆ. ಹಾಗೆ ಕಂಡರೂ ಚಿಂತೆಯಿಲ್ಲ, ಇದನ್ನು ಖಂಡಿಸಲೇಬೇಕು. ಈ ಮೂರೂ ಉತ್ತರಗಳಲ್ಲಿ ಒಂದು ಜೀವಕ್ಕೆ ಜಾಗವೇ ಇಲ್ಲ. ಅದು ಒಂದರಿಂದ ಮೂರು ವರ್ಷದೊಳಗಿನ ಬಡವರ ಮಗು. ಆ ಮಗು ಹಾಲು ಕೊಳ್ಳುವುದಿಲ್ಲ, ಮಾರುವುದಿಲ್ಲ, ಅಂಗನವಾಡಿಯ ಸಾಲಿನಲ್ಲಿ ಲೋಟ ಹಿಡಿದು ಕೂರುವುದೂ ಇಲ್ಲ. ದರ ಏರಿಕೆಯ ಪೂರ್ತಿ ಪೆಟ್ಟು ಬೀಳುವುದು ಮಾತ್ರ ಅದರ ಮೇಲೆ.

ಮೊದಲು ಲೆಕ್ಕ ನೋಡೋಣ. 2022ರ ನವೆಂಬರಿಗೆ ಮುಂಚೆ ಕರ್ನಾಟಕ ಹಾಲು ಮಹಾಮಂಡಳದ ನಂದಿನಿ ಟೋನ್ಡ್ ಹಾಲು, ಎಲ್ಲರೂ ನೀಲಿ ಪ್ಯಾಕೆಟ್ ಎನ್ನುವುದು, ಲೀಟರಿಗೆ 37 ರೂಪಾಯಿ ಇತ್ತು. ಆ ತಿಂಗಳು 39 ಆಯಿತು. 2023ರ ಆಗಸ್ಟ್ 1ರಿಂದ 42 ಆಯಿತು. 2024ರ ಜೂನಿನಲ್ಲಿ ಪ್ರತಿ ಪ್ಯಾಕೆಟ್ಟಿಗೆ 50 ಮಿ.ಲೀ. ಹೆಚ್ಚು ಹಾಲು ತುಂಬಿ 2 ರೂಪಾಯಿ ಏರಿಸಿದರು. ಇದು ದರ ಏರಿಕೆಯೇ ಅಲ್ಲ, ಹೆಚ್ಚುವರಿ ಹಾಲಿಗೆ ಬೆಲೆ ಎಂದು ಸಮರ್ಥಿಸಿಕೊಂಡರು. 2025ರ ಏಪ್ರಿಲ್ 1ಕ್ಕೆ ಆ 50 ಮಿ.ಲೀ. ವಾಪಸ್ ಹೋಯಿತು, ಲೀಟರಿನ ಬೆಲೆ 46ಕ್ಕೆ ಬಂದು ನಿಂತಿತು. ಎರಡೂವರೆ ವರ್ಷದೊಳಗೆ 9 ರೂಪಾಯಿ, ಅಂದರೆ ಶೇ 24ರಷ್ಟು ಏರಿಕೆ. ಪ್ರತಿ ಸಲವೂ ಎರಡು, ಮೂರು, ನಾಲ್ಕು ಎಂದು ಬಿಡಿಬಿಡಿಯಾಗಿ ಹೇಳಿದ್ದರಿಂದ ಒಟ್ಟು ಎಷ್ಟಾಯಿತೆಂದು ಯಾರೂ ಕೂಡಿಸಿ ನೋಡಲಿಲ್ಲ.

ಅರ್ಧ ಲೀಟರಿನ ಪ್ಯಾಕೆಟ್ಟಿನ ಕಥೆ ಇದಕ್ಕಿಂತ ಕಠೋರ. 2023ರ ಆಗಸ್ಟಿನ ನಂತರ ಅದರ ಬೆಲೆ 22 ರೂಪಾಯಿ. 2024ರಲ್ಲಿ 550 ಮಿ.ಲೀ.ಗೆ 24. 2025ರಲ್ಲಿ ಹಾಲು ಮತ್ತೆ 500 ಮಿ.ಲೀ.ಗೆ ಇಳಿಯಿತು, ಬೆಲೆ 24ರಿಂದ ಕೆಳಗಿಳಿಯಲಿಲ್ಲ. ಆ ದರದಲ್ಲಿ ಲೀಟರ್ ಪ್ಯಾಕೆಟ್ ಕೊಳ್ಳುವವನು ಲೀಟರಿಗೆ 46 ಕೊಟ್ಟರೆ, ಅರ್ಧರ್ಧ ಲೀಟರ್ ಕೊಳ್ಳುವವನು 48 ಕೊಡಬೇಕಾಯಿತು. ಅರ್ಧ ಲೀಟರ್ ಕೊಳ್ಳುವವರು ಯಾರು? ಮನೆಯಲ್ಲಿ ಫ್ರಿಜ್ ಇಲ್ಲದವರು, ಅವತ್ತಿನ ಕೂಲಿಯಲ್ಲಿ ಅವತ್ತಿನ ಸಾಮಾನು ತರುವವರು. ಕೊಳ್ಳುವ ಶಕ್ತಿ ಕಡಿಮೆ ಇದ್ದವರಿಗೇ ಹಾಲು ಹೆಚ್ಚು ತುಟ್ಟಿ. ದಿನಕ್ಕೊಂದು ಅರ್ಧ ಲೀಟರ್ ಅಂದರೆ ತಿಂಗಳಿಗೆ 720 ರೂಪಾಯಿ.

ಈ 720 ರೂಪಾಯಿ ಕೊಟ್ಟವರ ಮನೆಯಲ್ಲಾದರೂ ಮಗು ಹಾಲು ಕುಡಿಯುತ್ತದೆಯೇ? ಬೆಂಗಳೂರಿನ ಹೊರವಲಯದಲ್ಲಿ ಅಪಾರ್ಟ್‌ಮೆಂಟುಗಳು ಏಳುತ್ತಿರುವ ಕಡೆಯೆಲ್ಲ ತಗಡಿನ ಶೆಡ್ಡುಗಳ ಸಾಲಿರುತ್ತದೆ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ದುಡಿಯಲು ಬಂದ ಸಂಸಾರಗಳು ಅಲ್ಲಿರುತ್ತವೆ. ಬೆಳಗ್ಗೆ ಕೆಲಸಕ್ಕೆ ಹೊರಡುವ ಹೊತ್ತಿಗೆ ಒಂದು ಶೆಡ್ಡಿಗೆ ಒಂದು ಅರ್ಧ ಲೀಟರ್ ಪ್ಯಾಕೆಟ್ ಬರುತ್ತದೆ. ಅದನ್ನು ಪಾತ್ರೆಗೆ ಸುರಿದು, ಖಾಲಿ ಪ್ಯಾಕೆಟ್ಟಿಗೆ ನೀರು ತುಂಬಿ ಅಲುಗಿಸಿ ಅದನ್ನೂ ಸುರಿಯುತ್ತಾರೆ. ಮೇಲೆ ಇನ್ನೊಂದು ಚೊಂಬು ನೀರು, ಚಾಪುಡಿ, ಸಕ್ಕರೆ. ಅದು ಆರು ಜನರ ಚಹಾ. ಒಂದೂವರೆ ವರ್ಷದ ಮಗುವಿನ ಕೈಗೆ ಐದು ರೂಪಾಯಿ ಪ್ಯಾಕಿನ ಎರಡು ಗ್ಲೂಕೋಸ್ ಬಿಸ್ಕತ್ತು, ಮುಂದೆ ಬಸಿಯಲ್ಲಿ ಒಂದಿಷ್ಟು ಚಹಾ. ಬಿಸ್ಕತ್ತು ಅದ್ದಿಕೊಂಡು ತಿಂದು ಮಗು ಮರಳಿನ ರಾಶಿಯ ಕಡೆ ಆಡಲು ಹೋಗುತ್ತದೆ. ಅದರ ಹೊಟ್ಟೆಗೆ ಹೋದ ಹಾಲು ಕೆಲವು ಚಮಚೆ. ಜೊತೆಗೆ ಹೋದ ಚಹಾದ ಟ್ಯಾನಿನ್, ಊಟದಲ್ಲಿರುವ ಅಷ್ಟಿಷ್ಟು ಕಬ್ಬಿಣಾಂಶವನ್ನೂ ಮೈಗೆ ಹತ್ತಗೊಡುವುದಿಲ್ಲ.

ಬೆಲೆ ಏರಿದಾಗ ಈ ಮನೆಯವರು ಪ್ಯಾಕೆಟ್ ತರುವುದನ್ನು ಬಿಡುವುದಿಲ್ಲ. ಎರಡು ತರುತ್ತಿದ್ದವರು ಒಂದು ತರುತ್ತಾರೆ, ಒಂದು ತರುತ್ತಿದ್ದವರು ನೀರು ಹೆಚ್ಚಿಸುತ್ತಾರೆ. ದುಡಿಯಲು ಹೋಗುವವರಿಗೆ ಚಹಾ ಬೇಕೇ ಬೇಕು. ಹಾಗಾಗಿ ಮೊದಲು ತಪ್ಪುವುದು ಮಗುವಿಗೆಂದು ತೆಗೆದಿಡುತ್ತಿದ್ದ ಅರ್ಧ ಲೋಟ. ಇದು ಯಾವ ಮಾರಾಟದ ಅಂಕಿಅಂಶದಲ್ಲೂ ಕಾಣುವುದಿಲ್ಲ. ದರ ಏರಿಸಿದ ಮೇಲೂ ಹಾಲಿನ ಮಾರಾಟ ಬೀಳಲಿಲ್ಲ, ಆದ್ದರಿಂದ ಜನರಿಗೆ ಭಾರವಾಗಿಲ್ಲ ಎಂದು ತೀರ್ಮಾನಿಸುವವರಿಗೆ ಪಾತ್ರೆಗೆ ಬಿದ್ದ ನೀರು ಲೆಕ್ಕಕ್ಕೆ ಸಿಗುವುದಿಲ್ಲ.

ಈಗ ಒಂದೊಂದೇ ಉತ್ತರವನ್ನು ತೆಗೆದುಕೊಳ್ಳೋಣ. ನಮ್ಮ ಹಾಲೇ ಅಗ್ಗ ಎನ್ನುವುದು ಎಲ್ಲರ ಬಾಯಲ್ಲಿರುವ ಮಾತು. ದೆಹಲಿ, ಗುಜರಾತ್, ಮಹಾರಾಷ್ಟ್ರ, ಕೇರಳದ ದರಗಳ ಪಟ್ಟಿಯನ್ನು ಮುಂದಿಡುತ್ತಾರೆ. ಆದರೆ ಪಕ್ಕದ ತಮಿಳುನಾಡಿನಲ್ಲಿ 2021ರ ಮೇ ತಿಂಗಳಲ್ಲಿ ಹೊಸ ಸರ್ಕಾರ ಬಂದ ಕೂಡಲೇ ಅಲ್ಲಿನ ಸಹಕಾರಿ ಸಂಸ್ಥೆ ಆವಿನ್‌ನ ಹಾಲಿನ ಬೆಲೆಯನ್ನು ಲೀಟರಿಗೆ 3 ರೂಪಾಯಿ ಇಳಿಸಿತು. ಅಲ್ಲಿನ ಟೋನ್ಡ್ ಹಾಲು 40 ರೂಪಾಯಿಗೆ ಬಂತು. ನಮ್ಮಲ್ಲಿ 46 ಆದಾಗಲೂ ಅಲ್ಲಿ 40 ರೂಪಾಯಿಯೇ ಇತ್ತು. ಅಲ್ಲಿಯ ಹೈನುಗಾರರಿಗೆ ಅಲ್ಲಿಯದೇ ಕಷ್ಟಗಳಿವೆ, ಅವರಿಗೂ ಲೀಟರಿಗೆ 3 ರೂಪಾಯಿ ಪ್ರೋತ್ಸಾಹಧನ ಕೊಡಬೇಕಾಯಿತು. ಆದರೂ ಕೊಳ್ಳುವವರ ಬೆಲೆಯನ್ನು ಹಿಡಿದಿಟ್ಟು ಉತ್ಪಾದಕರಿಗೆ ಬೊಕ್ಕಸದಿಂದ ಕೊಡಬಹುದು ಎಂಬುದಕ್ಕೆ ಹೊಸೂರು ದಾಟಿದರೆ ಸಾಕ್ಷಿ ಸಿಗುತ್ತದೆ.

ಅಷ್ಟಕ್ಕೂ ಒಂದು ಊರಿನ ಹಾಲಿನ ಬೆಲೆಯನ್ನು ಇನ್ನೊಂದು ಊರಿನ ಬೆಲೆಯ ಜೊತೆ ಹೋಲಿಸುವುದೇ ತಪ್ಪು. ಹೋಲಿಸಬೇಕಾದದ್ದು ಕೂಲಿಯ ಜೊತೆ. ನರೇಗಾದಲ್ಲಿ ಕರ್ನಾಟಕದ ದಿನಗೂಲಿ 2022–23ರಲ್ಲಿ 309 ರೂಪಾಯಿ ಇತ್ತು, 2025–26ಕ್ಕೆ 370 ಆಯಿತು. ಏರಿಕೆ ಶೇ 20ರ ಒಳಗೇ. ಅದೇ ಅವಧಿಯಲ್ಲಿ ಹಾಲು ಏರಿದ್ದು ಶೇ 24. ಹಾಲಿನ ಹೊಸ ದರ ಕೆಲವೇ ದಿನಗಳಲ್ಲಿ ಜಾರಿಗೆ ಬರುತ್ತದೆ. ಕೂಲಿಯ ಹಣ ಖಾತೆಗೆ ಬೀಳುವುದಕ್ಕೆ ವಾರಗಟ್ಟಲೆ ಕಾಯಬೇಕು.

ಇನ್ನು ರೈತನ ಮಾತು. ಇದು ಇರುವುದರಲ್ಲಿ ಬಲವಾದ ವಾದ, ಇದಕ್ಕೆ ಗೌರವದಿಂದಲೇ ಉತ್ತರಿಸಬೇಕು. ಹೈನುಗಾರಿಕೆ ಇವತ್ತು ಲಾಭದ ಕಸುಬಲ್ಲ. ಬೂಸಾ, ಹಿಂಡಿ, ಪಶು ಆಹಾರದ ಚೀಲ ಎಲ್ಲದರ ಬೆಲೆಯೂ ಏರಿದೆ. ಬರ ಬಂದ ವರ್ಷ ಮೇವನ್ನೂ ದುಡ್ಡು ಕೊಟ್ಟು ತರಬೇಕು. ಕೋಲಾರ, ಮಂಡ್ಯ, ಹಾಸನದ ಯಾವುದೇ ಹಳ್ಳಿಯ ಡೇರಿಯ ಮುಂದೆ ಬೆಳಗ್ಗೆ ನಿಂತರೆ ಈ ಕಸುಬು ಯಾರ ಹೆಗಲ ಮೇಲಿದೆ ಎಂಬುದು ತಿಳಿಯುತ್ತದೆ. ಕ್ಯಾನು ಹಿಡಿದು ನಿಂತವರಲ್ಲಿ ಹೆಚ್ಚಿನವರು ಹೆಂಗಸರು. ಹಾಲು ಅಳೆದು, ಸ್ಯಾಂಪಲ್ ತೆಗೆದು, ಯಂತ್ರ ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ಎಷ್ಟು ಎಂದು ಚೀಟಿ ಕೊಡುತ್ತದೆ. ಎಸ್‌ಎನ್‌ಎಫ್ ನಿಗದಿಗಿಂತ ಕೊಂಚ ಕಡಿಮೆ ಬಂದರೂ ದರ ಕಡಿತ. ಬಟವಾಡೆಯ ದಿನ ಕೈಗೆ ಬಂದದ್ದರಲ್ಲಿ ಪಶು ಆಹಾರದ ಸಾಲ ಕಳೆದರೆ ಉಳಿಯುವುದು ಅಷ್ಟಕ್ಕಷ್ಟೆ. ಇವರಿಗೆ ಇನ್ನೂ ಹೆಚ್ಚು ಸಿಗಬೇಕು ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ.

ಆದರೆ ಅದೇ ಹೆಂಗಸಿನ ಮನೆಯೊಳಗೆ ಹೋಗಿ ನೋಡಿ. ಹಸು ಕೊಟ್ಟ ಹಾಲೆಲ್ಲ ಡೇರಿಗೆ ಹೋಗಿರುತ್ತದೆ. ಮನೆಗೆಂದು ಉಳಿದದ್ದು ಕಾಫಿಗೆ ಬೇಕಾದಷ್ಟು. ಲೀಟರಿಗೆ ಸಿಗುವ ಬೆಲೆ ಏರಿದಷ್ಟೂ, ಕೊನೆಯ ಪಾವು ಹಾಲನ್ನೂ ಕ್ಯಾನಿಗೆ ಸುರಿಯುವ ಒತ್ತಡ ಹೆಚ್ಚುತ್ತದೆ. ಇದು ಹೊಸ ಆಕ್ಷೇಪವೇನಲ್ಲ. 1970ರಲ್ಲಿ ಆರಂಭವಾದ ಆಪರೇಷನ್ ಫ್ಲಡ್ ಎಂಬ ಹೈನು ಯೋಜನೆ ಹಳ್ಳಿಯ ಹಾಲನ್ನು ಪಟ್ಟಣಕ್ಕೆ ಹರಿಸುತ್ತದೆ, ಹಳ್ಳಿಯ ಮಕ್ಕಳ ಬಾಯಿಂದ ದೂರ ಮಾಡುತ್ತದೆ ಎಂಬ ಟೀಕೆಯನ್ನು ಲೇಖಕ ಕ್ಲಾಡ್ ಆಲ್ವಾರಿಸ್ 1983ರಲ್ಲೇ ಬರೆದು ದೊಡ್ಡ ಚರ್ಚೆ ಎಬ್ಬಿಸಿದ್ದರು. ಅವರ ಎಲ್ಲ ಮಾತನ್ನೂ ಒಪ್ಪಬೇಕಿಲ್ಲ. ಡೇರಿಯ ದುಡ್ಡು ಲಕ್ಷಾಂತರ ಮನೆಗಳ ಒಲೆ ಉರಿಸಿದೆ, ಮಕ್ಕಳನ್ನು ಓದಿಸಿದೆ. ಆದರೆ ಹೈನುಗಾರನ ಮಗುವಿಗೆ ಹಾಲು ತಾನಾಗಿಯೇ ಸಿಗುತ್ತದೆ ಎಂದು ಭಾವಿಸಿದವರು ಹೈನುಗಾರನ ಮನೆಯನ್ನು ಹತ್ತಿರದಿಂದ ಕಂಡಿಲ್ಲ. ರೈತನೋ ಮಗುವೋ ಎಂಬ ಪ್ರಶ್ನೆಯೇ ಸುಳ್ಳು. ಇಬ್ಬರೂ ಒಂದೇ ಮನೆಯಲ್ಲಿದ್ದಾರೆ.

ದರ ಏರಿಕೆಯ ಹಣ ರೈತನ ಬಳಿಯೇ ಉಳಿಯುತ್ತದೆ ಎಂಬ ಭರವಸೆಯೂ ಗಟ್ಟಿಯಲ್ಲ. ಹಾಲು ಹೆಚ್ಚು ಬರುವ ತಿಂಗಳುಗಳಲ್ಲಿ ಜಿಲ್ಲಾ ಒಕ್ಕೂಟಗಳು ನಷ್ಟದ ಕಾರಣ ಕೊಟ್ಟು ಖರೀದಿ ದರವನ್ನು ಒಂದೋ ಎರಡೋ ರೂಪಾಯಿ ಇಳಿಸುತ್ತವೆ. ಆಗ ಪ್ಯಾಕೆಟ್ಟಿನ ಬೆಲೆ ಇಳಿಯುವುದಿಲ್ಲ. ಕೊಳ್ಳುವವರಿಗೆ ಏರಿಕೆ ಶಾಶ್ವತ, ಮಾರುವವರಿಗೆ ತಾತ್ಕಾಲಿಕ. ರೈತನಿಗೆ ನಿಜವಾಗಿ ಆಸರೆಯಾಗಿರುವುದು ಸರ್ಕಾರ ಕೊಡುವ ಪ್ರೋತ್ಸಾಹಧನ. 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಆರಂಭವಾಗಿ ಮುಂದೆ 5 ರೂಪಾಯಿಗೆ ಏರಿತು. ಅದೂ ತಿಂಗಳುಗಟ್ಟಲೆ ಬಾಕಿ ಉಳಿಯುತ್ತದೆ. ರೈತನ ಹೆಸರಿನಲ್ಲಿ ದರ ಏರಿಸುವ ಸರ್ಕಾರ ಮೊದಲು ಈ ಬಾಕಿ ತೀರಿಸಲಿ.

ಈ ಪ್ರೋತ್ಸಾಹಧನದಲ್ಲೇ ನನ್ನ ವಾದದ ತಿರುಳೂ ಇದೆ. ರೈತನಿಗೆ ಸಿಗುವ ಬೆಲೆ ಬೇರೆ, ಕೊಳ್ಳುವವನು ಕೊಡುವ ಬೆಲೆ ಬೇರೆ, ನಡುವಿನ ಅಂತರವನ್ನು ಸಾರ್ವಜನಿಕ ಹಣ ತುಂಬಬಹುದು ಎಂಬ ತತ್ವವನ್ನು ಎಲ್ಲ ಪಕ್ಷಗಳ ಸರ್ಕಾರಗಳೂ ಹದಿನೈದು ವರ್ಷಕ್ಕೂ ಹೆಚ್ಚು ಕಾಲದಿಂದ ಒಪ್ಪಿಕೊಂಡು ಬಂದಿವೆ. ಉತ್ಪಾದಕರ ಕಡೆಗೆ ಒಪ್ಪಿದ ಈ ತತ್ವವನ್ನು ಮಗುವಿನ ಕಡೆಗೆ ಮಾತ್ರ ಒಪ್ಪುವುದಿಲ್ಲ ಎನ್ನುವುದಕ್ಕೆ ಯಾವ ನ್ಯಾಯವಿದೆ?

ಇಲ್ಲಿ ಮೂರನೆಯ ಉತ್ತರ ಬರುತ್ತದೆ: ಬಡ ಮಕ್ಕಳಿಗೆ ಕೊಡುತ್ತಿದ್ದೇವಲ್ಲ! ನಿಜ, ಕೊಡುತ್ತಿದ್ದೀರಿ. 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯ ಈ ರಾಜ್ಯ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಒಂದು. ಹಾಲಿನ ಪುಡಿಯಿಂದ ತಯಾರಿಸಿದ 150 ಮಿ.ಲೀ. ಬಿಸಿ ಹಾಲು ಲಕ್ಷಾಂತರ ಮಕ್ಕಳ ಹೊಟ್ಟೆ ಸೇರಿದೆ. ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲೇ ಊಟ, ಹಾಲು, ಮೊಟ್ಟೆ ಕೊಡುವ ಮಾತೃಪೂರ್ಣ 2017ರಲ್ಲಿ ಬಂತು. 1975ರ ಅಕ್ಟೋಬರ್ 2ರಂದು ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ ರಾಜ್ಯದ ಮೊದಲ ಅಂಗನವಾಡಿ ಯೋಜನೆ ಶುರುವಾದಂದಿನಿಂದ ಈ ಕೇಂದ್ರಗಳನ್ನು ನಡೆಸಿಕೊಂಡು ಬಂದ ಕಾರ್ಯಕರ್ತೆಯರು ಮತ್ತು ಸಹಾಯಕಿಯರಿಗೆ ನಾವು ಎಷ್ಟು ಕೃತಜ್ಞರಾಗಿದ್ದರೂ ಸಾಲದು.

ಆದರೆ ಅಂಗನವಾಡಿಯಲ್ಲಿ ಕೂತು ಬಿಸಿ ಹಾಲು ಕುಡಿಯುವುದು ಮೂರು ವರ್ಷ ದಾಟಿದ ಮಗು. ಅದಕ್ಕಿಂತ ಚಿಕ್ಕ ಮಗುವಿಗೆ ಸಿಗುವುದು ಮನೆಗೆ ಕೊಟ್ಟು ಕಳಿಸುವ ಪಡಿ. ಪೊಟ್ಟಣದ ಮೇಲೆ ಮಗುವಿನ ಹೆಸರಿದ್ದರೂ ಮನೆಗೆ ಬಂದ ಮೇಲೆ ಅದು ಮನೆಯವರೆಲ್ಲರ ಪಾಲು. ಅಣ್ಣ, ಅಕ್ಕ ಎದುರಿಗೆ ಕೂತಿರುವಾಗ ಯಾವ ತಾಯಿ ತಾನೇ ಒಬ್ಬರಿಗೆ ಮಾತ್ರ ಕಲಸಿ ಕೊಟ್ಟಾಳು? ಇನ್ನು ಆ ಪಡಿಗೆ ಇರುವ ಹಣ ನೋಡಿ. ಪೂರಕ ಪೌಷ್ಟಿಕ ಆಹಾರಕ್ಕೆ ಒಂದು ಮಗುವಿಗೆ ದಿನಕ್ಕೆ 8 ರೂಪಾಯಿ ಎಂದು 2017ರಲ್ಲಿ ಕೇಂದ್ರ ನಿಗದಿ ಮಾಡಿತು. ಕೇಂದ್ರ, ರಾಜ್ಯ ಅರ್ಧರ್ಧ ಹಾಕಬೇಕು. ಹಾಲಿನ ದರ ಏರಿಸಿದ ಯಾವ ಆದೇಶದ ಜೊತೆಗೂ ಈ 8 ರೂಪಾಯಿ ಏರಲಿಲ್ಲ. ಅದರಲ್ಲಿ ಹಾಲನ್ನೇ ಕೊಳ್ಳುತ್ತೇವೆ ಎಂದುಕೊಂಡರೆ, 2022ರ ಅಕ್ಟೋಬರಿನಲ್ಲಿ ಸುಮಾರು 216 ಮಿ.ಲೀ. ಬರುತ್ತಿತ್ತು, 2025ರ ಏಪ್ರಿಲಿನಲ್ಲಿ 174 ಮಿ.ಲೀ. ಯಾರೂ ಕಡಿತ ಘೋಷಿಸದೆಯೇ ಮಗುವಿನ ಪಾಲಿನ ಐದನೆಯ ಒಂದು ಭಾಗ ಕರಗಿಹೋಯಿತು. ನಗರದ ಶೆಡ್ಡಿನ ಮಗುವಿಗಂತೂ ಇದೂ ದಕ್ಕುವುದು ಕಷ್ಟ. ಅದರ ಹೆಸರು ಊರಿನ ಅಂಗನವಾಡಿಯ ರಿಜಿಸ್ಟರಿನಲ್ಲಿರುತ್ತದೆ, ಮಗು ಮಾತ್ರ ಅಪ್ಪ-ಅಮ್ಮನ ಜೊತೆ ಇಲ್ಲಿರುತ್ತದೆ.

ಮೂರು ವರ್ಷದೊಳಗಿನ ಮಗುವನ್ನೇ ಹಿಡಿದು ಯಾಕೆ ಮಾತಾಡಬೇಕು? ಮಗುವಿನ ಎತ್ತರ, ಮಿದುಳು, ರೋಗ ತಡೆಯುವ ಶಕ್ತಿ ಎಲ್ಲದರ ಅಡಿಪಾಯ ಬೀಳುವುದು ಗರ್ಭದಿಂದ ಹಿಡಿದು ಎರಡನೇ ಹುಟ್ಟುಹಬ್ಬದವರೆಗಿನ ಸಾವಿರ ದಿನಗಳಲ್ಲಿ. ಆಗ ಕುಗ್ಗಿದ್ದನ್ನು ಆಮೇಲೆ ಶಾಲೆಯ ಹಾಲು, ಮೊಟ್ಟೆ ಪೂರ್ತಿಯಾಗಿ ತುಂಬಿಕೊಡಲಾರವು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ, ಶೇ 32.9ರಷ್ಟು ಮಕ್ಕಳಿಗೆ ವಯಸ್ಸಿಗೆ ತಕ್ಕ ತೂಕವಿಲ್ಲ. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಕ್ಕಳಿಗೆ ರಕ್ತಹೀನತೆ. ಅದಕ್ಕೆ ಹಿಂದಿನ ಸಮೀಕ್ಷೆಯಲ್ಲಿ ಇದು ಶೇ 60.9 ಇತ್ತು. ದೇಶದಲ್ಲಿ ಆರರಿಂದ ಇಪ್ಪತ್ತಮೂರು ತಿಂಗಳ ಮಕ್ಕಳಲ್ಲಿ ಸಾಕಷ್ಟು ಆಹಾರ ಸಿಗುತ್ತಿರುವುದು ಶೇ 11.3ರಷ್ಟು ಮಕ್ಕಳಿಗೆ ಮಾತ್ರ. ಇದೇ ದೇಶ 1998ರಿಂದ ಜಗತ್ತಿನಲ್ಲೇ ಅತಿ ಹೆಚ್ಚು ಹಾಲು ಉತ್ಪಾದಿಸುತ್ತಿದೆ. 2023–24ರಲ್ಲಿ ತಲಾ ದಿನಕ್ಕೆ 471 ಗ್ರಾಂ ಹಾಲು ಲಭ್ಯವಿತ್ತು ಎಂದು ಹೆಮ್ಮೆಪಟ್ಟೆವು. ಆ ಸರಾಸರಿಯೊಳಗೆ ಶೆಡ್ಡಿನ ಮಗುವಿನ ಬಸಿಯೂ ಸೇರಿದೆ.

ಹಾಲೇ ಯಾಕೆ, ರಾಗಿ ಸಾಲದೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದದ್ದೇ. ನೂರು ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ನೂರು ಮಿ.ಲೀ. ಹಾಲಿನಲ್ಲಿ ಸುಮಾರು 120. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಿ. ಗೋಪಾಲನ್ ಅರ್ಧ ಶತಮಾನದ ಹಿಂದೆಯೇ, ನಮ್ಮ ಬಡ ಮಕ್ಕಳಿಗೆ ಮೊದಲ ಕೊರತೆ ಪ್ರೋಟೀನಿನದಲ್ಲ, ಹೊಟ್ಟೆ ತುಂಬುವ ಊಟದ್ದು ಎಂದು ತೋರಿಸಿಕೊಟ್ಟರು. ಹಾಲಿನಲ್ಲಿ ಕಬ್ಬಿಣಾಂಶ ತೀರಾ ಕಡಿಮೆ, ಹಾಲೊಂದನ್ನೇ ಕುಡಿಸಿದರೆ ರಕ್ತಹೀನತೆ ಹೆಚ್ಚುತ್ತದೆ. ಆರು ತಿಂಗಳವರೆಗೆ ತಾಯಿಹಾಲು ಬಿಟ್ಟು ಬೇರೇನೂ ಬೇಡ. ವರ್ಷ ತುಂಬುವವರೆಗೂ ಹಸುವಿನ ಹಾಲು ತಾಯಿಹಾಲಿನ ಜಾಗಕ್ಕೆ ಬರಬಾರದು. ಇದನ್ನೆಲ್ಲ ಒಪ್ಪುತ್ತೇನೆ. ಹಾಲು ಅಮೃತ ಎಂದು ಪೂಜಿಸುವುದು ನನ್ನ ಕೆಲಸವಲ್ಲ.

ಆದರೂ ಹಾಲು ಬೇಕು, ಯಾಕೆಂದರೆ ಒಂದೂವರೆ ವರ್ಷದ ಮಗುವಿನ ಹೊಟ್ಟೆ ಚಿಕ್ಕದು. ಅಂಬಲಿ, ಗಂಜಿ ತುಂಬಿದರೆ ಹೊಟ್ಟೆ ಉಬ್ಬುತ್ತದೆಯೇ ಹೊರತು ಬೆಳೆಯಲು ಬೇಕಾದ ಸತ್ವ ಸಾಲುವುದಿಲ್ಲ. ಕೊಂಚ ಪ್ರಮಾಣದಲ್ಲೇ ಕೊಬ್ಬು, ಒಳ್ಳೆಯ ಪ್ರೋಟೀನು, ಸುಲಭವಾಗಿ ಮೈಗೆ ಹತ್ತುವ ಕ್ಯಾಲ್ಸಿಯಂ, ಯಾವ ಧಾನ್ಯದಲ್ಲೂ ಸಿಗದ ಬಿ12 ಒಟ್ಟಿಗೆ ಕೊಡುವ ಆಹಾರ ಹಾಲು. ಇಂಗ್ಲೆಂಡಿನಲ್ಲಿ ಕೋರಿ ಮ್ಯಾನ್ ಎಂಬ ವೈದ್ಯ, ಊಟಕ್ಕೆ ಕೊರತೆಯಿಲ್ಲದ ಹುಡುಗರ ಆಶ್ರಯಧಾಮವೊಂದರಲ್ಲಿ ಕೆಲವರಿಗೆ ದಿನಕ್ಕೊಂದು ಪಿಂಟ್ ಹಾಲು ಹೆಚ್ಚಾಗಿ ಕೊಟ್ಟು ನೋಡಿದ. 1926ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಬರೀ ಊಟ ಮಾಡಿದವರು ವರ್ಷಕ್ಕೆ 1.84 ಇಂಚು ಬೆಳೆದರೆ, ಹಾಲು ಕುಡಿದವರು 2.63 ಇಂಚು ಬೆಳೆದರು. 1946ರಲ್ಲಿ, ಯುದ್ಧದಿಂದ ದಿವಾಳಿಯೆದ್ದಿದ್ದ ಹೊತ್ತಿನಲ್ಲೇ ಬ್ರಿಟನ್ ಶಾಲಾ ಮಕ್ಕಳಿಗೆಲ್ಲ ಉಚಿತ ಹಾಲಿಗೆ ಕಾನೂನು ಮಾಡಿತು. ಇತ್ತೀಚೆಗೆ, 2018ರಲ್ಲಿ, ಡೆರೆಕ್ ಹೆಡೀ ಮತ್ತು ಸಂಗಡಿಗರು 46 ದೇಶಗಳ ಸಮೀಕ್ಷೆಗಳನ್ನು ಪರಿಶೀಲಿಸಿ, ಹಾಲು, ಮೊಟ್ಟೆ, ಮೀನು, ಮಾಂಸ ತಿನ್ನುವ 6–23 ತಿಂಗಳ ಮಕ್ಕಳಲ್ಲಿ ಬೆಳವಣಿಗೆ ಕುಂಠಿತವಾಗುವುದು ಕಡಿಮೆ ಎಂದು ಕಂಡುಕೊಂಡರು.

ಮೊಟ್ಟೆ ತಿನ್ನುವ ಮನೆಯ ಮಗುವಿಗೆ ಮೊಟ್ಟೆ ಕೊಡಿ, ಅದು ಹಾಲಿಗಿಂತ ಒಂದು ಕೈ ಮೇಲು. 2021ರಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರು ವಿರೋಧಿಸಿ, ಸಸ್ಯಾಹಾರದ ಪೌಷ್ಟಿಕತೆ ಕೊಡಿ ಎಂದು ಆಗ್ರಹಿಸಿದರು. ಆ ಆಗ್ರಹ ಪ್ರಾಮಾಣಿಕವಾಗಿದ್ದರೆ ಹಾಲಿನ ದರ ಏರಿದ ಪ್ರತಿ ಸಲವೂ ಅವರ ದನಿ ಅಷ್ಟೇ ಗಟ್ಟಿಯಾಗಿ ಕೇಳಬೇಕು. ಮಗುವಿನ ತಟ್ಟೆಯಿಂದ ಮೊಟ್ಟೆ ತೆಗೆಸಲು ಬೀದಿಗಿಳಿಯುವವರು ಲೋಟಕ್ಕೆ ಹಾಲು ತುಂಬಿಸಲೂ ಇಳಿಯಬೇಕು.

ಕೊನೆಯದಾಗಿ ಸರ್ಕಾರದ ಗ್ಯಾರಂಟಿ ಯೋಜನೆಗಳ ಮಾತು. ಗೃಹಲಕ್ಷ್ಮಿ ಯೋಜನೆಯಿಂದ ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ ಬರುತ್ತಿದೆ, ಅದರಲ್ಲಿ ಹಾಲು ಕೊಳ್ಳಲಿ ಎನ್ನುತ್ತಾರೆ. ಆ ಹಣ ಸಾವಿರಾರು ತಾಯಂದಿರಿಗೆ ಉಸಿರಾಡಲು ಜಾಗ ಕೊಟ್ಟಿದೆ, ಅದನ್ನು ಹಗುರ ಮಾಡಲಾರೆ. ಆದರೆ 2023ರ ಆಗಸ್ಟಿನಲ್ಲಿ ಶುರುವಾದಾಗಿನ 2,000ವೇ ಇವತ್ತಿನ 2,000. ದಿನಕ್ಕೆ ಅರ್ಧ ಲೀಟರ್ ಹಾಲು ಅದರ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ನುಂಗುತ್ತದೆ. ಅಕ್ಕಿಯ ವಿಷಯದಲ್ಲಿ ನಾವು ಹೀಗೆ ಮಾಡಲಿಲ್ಲ. ಅಕ್ಕಿಯ ಬೆಲೆ ಎಷ್ಟೇ ಏರಲಿ, ಬಿಪಿಎಲ್ ಕಾರ್ಡಿನ ಮನೆಗೆ ಅಕ್ಕಿ ತಪ್ಪದಂತೆ ನೋಡಿಕೊಂಡೆವು. ಅದು ಸರಿಯೇ. ಆದರೆ 2022–23ರ ಗೃಹಬಳಕೆ ವೆಚ್ಚ ಸಮೀಕ್ಷೆ ಹೇಳುವುದೇನು? ದೇಶದ ಗ್ರಾಮೀಣ ಕುಟುಂಬದ ಖರ್ಚಿನಲ್ಲಿ ಧಾನ್ಯಕ್ಕೆ ಹೋಗುವುದು ಶೇ 4.91, ಹಾಲು ಮತ್ತು ಹಾಲಿನ ಪದಾರ್ಥಗಳಿಗೆ ಶೇ 8.33. ಧಾನ್ಯಕ್ಕಿಂತ ಹೆಚ್ಚು ಹಣ ಹೋಗುವ ಹಾಲಿಗೆ ಯಾವ ರಕ್ಷಣೆಯೂ ಇಲ್ಲ. ಅನ್ನದಿಂದ ಹೊಟ್ಟೆ ತುಂಬಿಸಿದ್ದೇವೆ. ಮಗುವಿನ ಎತ್ತರ ಏರಲಿಲ್ಲವೇಕೆ ಎಂದು ಈಗ ಆಶ್ಚರ್ಯಪಡುತ್ತಿದ್ದೇವೆ.

ಹಣವಿಲ್ಲ, ಹಾಲಿಲ್ಲ ಎಂದು ಯಾರೂ ಹೇಳುವಂತಿಲ್ಲ. 2024ರಲ್ಲಿ ಕರ್ನಾಟಕ ಹಾಲು ಮಹಾಮಂಡಳದ ಸಂಗ್ರಹ ದಿನಕ್ಕೆ ಒಂದು ಕೋಟಿ ಲೀಟರ್ ದಾಟಿತು. ಮಾರಾಟವಾಗದೆ ಉಳಿದ ಹಾಲನ್ನು ಪುಡಿ ಮಾಡುವುದರಿಂದ ನಷ್ಟ ಎಂದು ಅವರೇ ಹೇಳುತ್ತಾರೆ. ಪ್ಯಾಕೆಟ್ಟಿಗೆ 2 ರೂಪಾಯಿ ಏರಿಸಿದ ಅದೇ 2024ರ ಜೂನಿನಲ್ಲಿ ನಂದಿನಿ ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್ ಕ್ರಿಕೆಟ್ ತಂಡಗಳಿಗೆ ವಿಶ್ವಕಪ್ ಪ್ರಾಯೋಜಕತ್ವ ಕೊಟ್ಟಿತ್ತು. ಹೊಟ್ಟೆಗೆ ಹಿಟ್ಟಿಲ್ಲದ ಮಕ್ಕಳ ನಾಡಿಗೆ ಈ ಜುಟ್ಟಿನ ಮಲ್ಲಿಗೆ ಬೇಕಿರಲಿಲ್ಲ.

ಒಂದರಿಂದ ಮೂರು ವರ್ಷದ ಬಡ ಮಗುವೊಂದಕ್ಕೆ ದಿನಕ್ಕೆ 200 ಮಿ.ಲೀ. ಹಾಲು ಕೊಡಲು 2025ರ ಏಪ್ರಿಲಿನ 46 ರೂಪಾಯಿ ದರದಲ್ಲಿ ಬೇಕಾಗುವುದು 9 ರೂಪಾಯಿ 20 ಪೈಸೆ. ಹತ್ತು ಲಕ್ಷ ಮಕ್ಕಳಿಗೆ ಕೊಡುತ್ತೇವೆ ಎಂದಿಟ್ಟುಕೊಂಡರೂ ದಿನಕ್ಕೆ 2 ಲಕ್ಷ ಲೀಟರ್, ಅಂದರೆ ಒಂದು ಕೋಟಿ ಲೀಟರಿನಲ್ಲಿ ನೂರಕ್ಕೆ ಎರಡು ಭಾಗ. ವರ್ಷಕ್ಕೆ ಖರ್ಚು ಸುಮಾರು 336 ಕೋಟಿ. ಗ್ಯಾರಂಟಿ ಯೋಜನೆಗಳಿಗೆ ವರ್ಷಕ್ಕೆ 50 ಸಾವಿರ ಕೋಟಿಗೂ ಹೆಚ್ಚು ತೆಗೆದಿಡುವ ರಾಜ್ಯಕ್ಕೆ ಇದು ನೂರಕ್ಕೆ ಒಂದು ರೂಪಾಯಿಯೂ ಅಲ್ಲ. ಹಾಲಿಗೆ ಒಕ್ಕೂಟಕ್ಕೆ ಪೂರ್ತಿ ಬೆಲೆ ಕೊಡಿ, ಅದರಿಂದ ರೈತನಿಗೆ ಖಾತ್ರಿಯ ಗಿರಾಕಿಯೊಬ್ಬ ಸಿಕ್ಕಂತಾಗುತ್ತದೆ. ಹಳ್ಳಿಯಲ್ಲಿ ಡೇರಿಯಿಂದ ಅಂಗನವಾಡಿ ದೂರವಿಲ್ಲ; ಪುಡಿಯ ಬದಲು ತಾಜಾ ಹಾಲನ್ನೇ ಕಾಯಿಸಿ, ತಾಯಿ ಮಗುವನ್ನು ಕರೆತಂದಾಗ ಅಲ್ಲೇ ಕುಡಿಸಬಹುದು. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಕಂದಮ್ಮಗಳಿಗೆಂದು ಸರ್ಕಾರವೇ ತೆರೆದ ಕೂಸಿನ ಮನೆಗಳಿವೆ, ಅಲ್ಲೂ ಕೊಡಬಹುದು. ನಗರದಲ್ಲಿ ಆರೋಗ್ಯ ಇಲಾಖೆಯ ‘ತಾಯಿ ಕಾರ್ಡ್’ ತೋರಿಸಿದರೆ ಯಾವ ಬೂತಿನಲ್ಲಾದರೂ ಹಾಲು ಸಿಗಲಿ, ಊರಿನ ರಿಜಿಸ್ಟರ್ ಕೇಳದಿರಲಿ. ಹಾಲಿನ ಜೊತೆ ಕಬ್ಬಿಣಾಂಶಕ್ಕೆ ಮೊಟ್ಟೆ, ಬೇಳೆ, ಸೊಪ್ಪು ಇರಲಿ. ಎಂಟು ರೂಪಾಯಿಯ ಪಡಿಯನ್ನು ಬೆಲೆ ಸೂಚ್ಯಂಕಕ್ಕೆ ಕಟ್ಟಿಹಾಕಲು ರಾಜ್ಯ ಕೇಂದ್ರದ ಬೆನ್ನು ಹತ್ತಲಿ. ಕೇಂದ್ರ ಒಪ್ಪುವವರೆಗೆ ತನ್ನ ಕೈಯಿಂದ ತುಂಬಲಿ.

ಹಾಲಿನ ದರ ಮುಂದೆಯೂ ಏರುತ್ತದೆ, ರೈತನಿಗಾಗಿ ಏರಬೇಕಾಗಿಯೂ ಬರುತ್ತದೆ. ಆದರೆ ಇನ್ನು ಮುಂದೆ ದರ ಏರಿಸುವ ಕಡತ ಸಚಿವ ಸಂಪುಟಕ್ಕೆ ಹೋದಾಗ, ಮೂರು ವರ್ಷದೊಳಗಿನ ಬಡ ಮಕ್ಕಳ ಹಾಲಿಗೆ ಎಷ್ಟು ಹಣ ಎಂಬ ಎರಡನೆಯ ಆದೇಶವೂ ಅದೇ ದಿನ, ಅದೇ ಸಹಿಯಿಂದ ಹೊರಬರಬೇಕು. ಆ ಎರಡನೆಯ ಆದೇಶವಿಲ್ಲದ ಮೊದಲನೆಯದನ್ನು ಶಾಸಕರು ಸದನದಲ್ಲಿ ಪ್ರಶ್ನಿಸಬೇಕು, ರೈತ ಸಂಘಗಳು ತಿರಸ್ಕರಿಸಬೇಕು, ಲೀಟರ್ ಪ್ಯಾಕೆಟ್ ಕೊಳ್ಳುವ ನಾವೆಲ್ಲ ವಿರೋಧಿಸಬೇಕು. ನಾಲ್ಕು ರೂಪಾಯಿ ನಮಗೆ ಭಾರವಲ್ಲದಿದ್ದರೆ, ಮಗುವಿನ ಒಂಬತ್ತು ರೂಪಾಯಿ ಇಪ್ಪತ್ತು ಪೈಸೆಯನ್ನು ನಮ್ಮ ತೆರಿಗೆಯಿಂದ ಕೊಡಿ ಎಂದು ಕೇಳುವುದೂ ನಮಗೆ ಭಾರವಾಗಬಾರದು.